ಶ್ರೀರಂಗಪಟ್ಟಣದ ಸ್ಮಾರಕಗಳು ಮತ್ತು ಒಬ್ಬ ವಿದ್ಯಾರ್ಥಿಯ ಪ್ರಶ್ನೆ

ಮಳೆಗಾಲದಲ್ಲಿ ನಮ್ಮ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ಸುತ್ತುವರಿಯುವ ಹೇಮಾವತಿಯ ನೀರು ಗೊರೂರು ಅಣೆಕಟ್ಟೆಯನ್ನು ದಾಟಿ, ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಮುಂದೆ ಅದೇ ಕಾವೇರಿ ಎರಡು ಕವಲಾಗಿ ಹರಿದು ಶ್ರೀರಂಗಪಟ್ಟಣವನ್ನು ದ್ವೀಪವನ್ನಾಗಿಸಿದೆ. ಸಮಾಜ ವಿಜ್ಞಾನ ಬೋಧಿಸುತ್ತಿದ್ದ ವರ್ಷಗಳಲ್ಲಿ ನಾನು ಹೈಸ್ಕೂಲಿನ ಮಕ್ಕಳನ್ನು ಅಲ್ಲಿಗೆ ಹಲವು ಬಾರಿ ಪ್ರವಾಸ ಕರೆದೊಯ್ದಿದ್ದೇನೆ.

ಹೆಚ್ಚಿನವರು ರಂಗನಾಥಸ್ವಾಮಿಯ ದರ್ಶನ ಮಾಡಿ, ಹೈದರ್ ಮತ್ತು ಟಿಪ್ಪು ಇಬ್ಬರ ಸಮಾಧಿಯೂ ಇರುವ ಗುಂಬಜನ್ನು ನೋಡಿ ಮೈಸೂರಿನತ್ತ ಹೊರಟುಬಿಡುತ್ತಾರೆ. ಆದರೆ ಈ ದ್ವೀಪವನ್ನು ಯುದ್ಧಗಳ ಜಾಡು ಹಿಡಿದೇ ನೋಡಬೇಕು. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ವರ್ಣಚಿತ್ರವಿದೆ. ಆ ಯುದ್ಧದಲ್ಲಿ ಸೋತು ಸೆರೆಯಾದ ಇಂಗ್ಲಿಷ್ ದಂಡನಾಯಕ ಕರ್ನಲ್ ಬೇಲಿ 1782ರಲ್ಲಿ ಇಲ್ಲಿಯೇ ಬಂಧನದಲ್ಲಿ ತೀರಿಕೊಂಡನು. ಅವನ ಹೆಸರಿನ ನೆಲಮಾಳಿಗೆಯ ಸೆರೆಮನೆ ಕೋಟೆಯೊಳಗಿದೆ. ಕೈದಿಗಳನ್ನು ಸರಪಳಿಯಿಂದ ಬಿಗಿಯಲು ಗೋಡೆಗೆ ಅಳವಡಿಸಿದ್ದ ರಂಧ್ರವಿರುವ ಕಲ್ಲುಗಳನ್ನು ಮಕ್ಕಳು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

1799ರ ಮೇ 4ರಂದು ಬ್ರಿಟಿಷರು ಗೋಡೆ ಒಡೆದು ಒಳನುಗ್ಗಿದ್ದು ಕೋಟೆಯ ಪಶ್ಚಿಮ ಭಾಗದಲ್ಲಿ. ಅಲ್ಲೊಂದು ಎತ್ತರದ ಸ್ಮಾರಕ ಸ್ತಂಭವಿದೆ. ಟಿಪ್ಪುವಿನ ಪತನದ ನಂತರ ಒಡೆಯರ ವಂಶಕ್ಕೆ ರಾಜ್ಯ ಮರಳಿತಷ್ಟೆ. ಈ ಸ್ತಂಭವನ್ನು 1907ರಲ್ಲಿ ನಿಲ್ಲಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸರ್ಕಾರ. ಅದರ ಮೇಲೆ ಮಡಿದ ಬ್ರಿಟಿಷ್ ಅಧಿಕಾರಿಗಳ ಹೆಸರುಗಳಿವೆ. ನದಿಯ ದಡದ ಗ್ಯಾರಿಸನ್ ಸ್ಮಶಾನದಲ್ಲಿಯೂ ಅಷ್ಟೆ: ಕಂಪನಿಯ ಸೇನೆಯವರು, ಅವರ ಪರವಾಗಿ ಹೋರಾಡಿದ ಸ್ವಿಸ್ ಡಿ ಮ್ಯೂರನ್ ಪಡೆಯವರು, ಅವರ ಹೆಂಡಿರು ಮಕ್ಕಳ ಸುಮಾರು 300 ಗೋರಿಗಳಿವೆ.

ಒಮ್ಮೆ ಸ್ತಂಭದ ಬಳಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಸಾರ್, ಒಳಗಡೆ ನಿಂತು ಹೋರಾಡಿದವರ ಹೆಸರು ಎಲ್ಲಿ ಬರೆದಿದೆ?"

ನಾನು ಅವನನ್ನು ಟಿಪ್ಪುವಿನ ಶವ ದೊರೆತ ಸ್ಥಳದ ಕಲ್ಲಿನ ಬಳಿಗೆ ಕರೆದೊಯ್ದೆ.

"ಇದು ಸುಲ್ತಾನರದು ಸಾರ್. ಸಿಪಾಯಿಗಳದು? ನಮ್ಮೂರಿನ ಕೆರೆ ಏರಿಯ ಮೇಲೆ ದನ ಕಾಯಲು ಹೋಗಿ ಸತ್ತವನಿಗೂ ವೀರಗಲ್ಲಿದೆ."

ನನ್ನಲ್ಲಿ ಉತ್ತರವಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಬದಲು "ನಡೆಯಪ್ಪಾ, ಬಸ್ಸಿಗೆ ಹೊತ್ತಾಯಿತು" ಎಂದೆ. ವರ್ಷವರ್ಷವೂ 1799 ಎಂಬ ಇಸವಿಗೆ ಒಂದು ಅಂಕ ಕೊಡುತ್ತಿದ್ದ ನನಗೆ ಈ ಪ್ರಶ್ನೆ ಅದುವರೆಗೆ ಹೊಳೆದೇ ಇರಲಿಲ್ಲ. ತುರುಗಾಳಗದಲ್ಲಿ ಮಡಿದ ಸಾಮಾನ್ಯನಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಇಷ್ಟು ದೊಡ್ಡ ಕೋಟೆಗಾಗಿ ಪ್ರಾಣ ತೆತ್ತವರಿಗೆ ಸ್ತಂಭದ ಮೇಲೆ ಒಂದು ಸಾಲೂ ಇಲ್ಲ. ಗೆದ್ದವರೇ ಕಲ್ಲು ಕೆತ್ತಿಸುತ್ತಾರೆ ಎಂದು ಅಂದೇ ಅವನಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ ಎಂಬ ಕೊರಗು ನಿವೃತ್ತಿಯ ನಂತರವೂ ಉಳಿದಿದೆ.

ನೀವು ಅಲ್ಲಿಗೆ ಹೋದಾಗ ಸ್ತಂಭದ ಹೆಸರುಗಳನ್ನು ಅವಶ್ಯ ಓದಿ. ದೂರದೇಶದಿಂದ ಬಂದು ಸತ್ತವರೂ ತಾಯಂದಿರ ಮಕ್ಕಳೇ. ಬಳಿಕ ಕೋಟೆಯ ಗೋಡೆಯ ಮುಂದೆಯೂ ಒಂದು ಗಳಿಗೆ ನಿಲ್ಲಿ. ಹೆಸರಿಲ್ಲದವರಿಗೆ ಆ ಗೋಡೆಯೇ ವೀರಗಲ್ಲು. ಜೊತೆಯಲ್ಲಿರುವ ಮಕ್ಕಳು ಏನಾದರೂ ಕೇಳಿದರೆ, ದಯವಿಟ್ಟು ಬಸ್ಸಿಗೆ ಹೊತ್ತಾಯಿತೆನ್ನಬೇಡಿ.