ಹೆಜ್ಜೆಗೆ ಹೆಜ್ಜೆ

ಗುರುವಾದವನು ಮುಂದೆ ನಡೆಯಬೇಕು, ಶಿಷ್ಯನು ಹಿಂಬಾಲಿಸಬೇಕು ಎಂಬುದು ವಾಡಿಕೆಯ ತಿಳಿವಳಿಕೆ. ಪಕ್ಕದಲ್ಲಿ ನಡೆಯುವುದೇ ಹೆಚ್ಚು ಕಠಿಣವೆಂಬುದು ಬಹುಕಾಲದ ಅಧ್ಯಾಪನದಿಂದ ನನಗೆ ಮನವರಿಕೆಯಾಗಿದೆ. ಕ್ರೈಸ್ತನಲ್ಲದ ನನಗೆ ಈ ಮಾತಿನ ಆಳವನ್ನು ತೋರಿದ್ದು ಪಂಡಿತಾ ರಮಾಬಾಯಿಯವರ (1858–1922) ಶ್ರದ್ಧೆಯ ಪಯಣ.

ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಅವರ ಬಾಲ್ಯವೆಲ್ಲ ನಡಿಗೆಯೇ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಕುಟುಂಬ ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಸಾಗಿತು. 1870ರ ದಶಕದ ಕ್ಷಾಮದಲ್ಲಿ ಹೆತ್ತವರನ್ನು ಕಳೆದುಕೊಂಡ ಅಣ್ಣ ತಂಗಿಯರು ಅಲೆಯುತ್ತ 1878ರಲ್ಲಿ ಕಲ್ಕತ್ತೆಯನ್ನು ತಲಪಿದರು.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ಪಯಣ ಅಲ್ಲಿಗೆ ಮುಗಿಯಲಿಲ್ಲ. ತ್ರಿತ್ವತತ್ತ್ವವನ್ನೂ ಚರ್ಚಿನ ಅಧಿಕಾರವನ್ನೂ ಅವರು ಪ್ರಶ್ನಿಸಿದರು. ಸಿಸ್ಟರ್ ಜೆರಾಲ್ಡೀನ್ ವಿಧೇಯತೆಯನ್ನು ನಿರೀಕ್ಷಿಸಿದರು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಡೊರೊಥಿಯಾ ಬೀಲ್ ಸಂದೇಹಗಳಿಗೆ ಪತ್ರಮುಖೇನ ಉತ್ತರಿಸುತ್ತ ಕಾದರು. 1977ರಲ್ಲಿ ಗ್ರಂಥರೂಪದಲ್ಲಿ ಬಂದ ಆ ಪತ್ರಗಳನ್ನು ಓದಿದಾಗ ನನಗನ್ನಿಸಿದ್ದು ಇಷ್ಟು: ಇಬ್ಬರ ಪ್ರೀತಿಯೂ ನಿಜ, ಜೊತೆಯಲ್ಲಿ ನಡೆದದ್ದು ಮಾತ್ರ ಒಬ್ಬರದು.

ಪುಣೆಗೆ ಹೋದಾಗಲೆಲ್ಲ ನನಗೆ ನೆನಪಾಗುವುದು ಈ ಎರಡನೆಯ ಬಗೆ. 1889ರಲ್ಲಿ ಮುಂಬಯಿಯಲ್ಲಿ ರಮಾಬಾಯಿ ತೆರೆದ ಶಾರದಾ ಸದನ ಮರುವರ್ಷ ಈ ನಗರಕ್ಕೆ ಬಂದಿತು. ಅಲ್ಲಿನ ಬಾಲವಿಧವೆಯರ ಜಾತ್ಯಾಚಾರಗಳಿಗೆ ಅವರು ಅಡ್ಡಿಪಡಿಸಲಿಲ್ಲ. ಆದರೆ ತಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲನ್ನು ಮುಚ್ಚಲೂ ಇಲ್ಲ. ಕೆಲವು ಹುಡುಗಿಯರು ಒಳಗೆ ಬಂದು ಕುಳಿತರು. 1893ರಲ್ಲಿ ಸಲಹಾ ಸಮಿತಿಯ ರಾನಡೆ, ಭಂಡಾರ್ಕರ್ ಮೊದಲಾದವರು ರಾಜೀನಾಮೆಯಿತ್ತರು. ಅನೇಕ ಪಾಲಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಆ ಹಿರಿಯರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಆಶ್ರಯವಿತ್ತವರ ನಂಬಿಕೆ, ಒಂದು ಮಾತನ್ನೂ ಆಡದೆ, ಆಶ್ರಿತರ ಮೇಲೆ ಭಾರವಾಗಬಲ್ಲದು. ಹಾಗೆಂದು ತನ್ನ ಬೆಳಕನ್ನು ಬಚ್ಚಿಟ್ಟು ನಡೆಯುವವನು ಸಹಯಾತ್ರಿಕನೂ ಅಲ್ಲ. ಲೂಕನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿ ಎಮ್ಮಾಹುವಿನ ದಾರಿಯಲ್ಲಿ ಯೇಸು ಇಬ್ಬರು ಶಿಷ್ಯರ ಜೊತೆಗೂಡುತ್ತಾನೆ. ಮೊದಲು ಅವರ ದುಃಖವನ್ನು ಕೇಳುತ್ತಾನೆ, ಅನಂತರ ಮಾತಾಡುತ್ತಾನೆ. ಊರು ಸಮೀಪಿಸಿದಾಗ ಮುಂದೆ ಹೊರಟವನಂತೆ ತೋರುತ್ತಾನೆ. ಅವರು ಒತ್ತಾಯಿಸಿದ ಮೇಲೆಯೇ ಒಳಗೆ ಬರುತ್ತಾನೆ. ಕರೆಯುವ ಸ್ವಾತಂತ್ರ್ಯ ಅವರಲ್ಲಿಯೇ ಉಳಿಯುತ್ತದೆ.

ನಮ್ಮ ವಿಭಾಗಗಳಲ್ಲಿ ಸಂಶೋಧನೆಗೆ ಮಾರ್ಗದರ್ಶನ ಮಾಡುವ ನಾವೆಲ್ಲರೂ ಇದನ್ನು ಮನನ ಮಾಡಬೇಕು. ವಿದ್ಯಾರ್ಥಿಯು ತನ್ನ ನಿಲುವನ್ನು ಕಂಡುಕೊಳ್ಳುವ ಮೊದಲೇ ನಮ್ಮದನ್ನು ಒಪ್ಪಿಕೊಂಡರೆ ಮಹಾಪ್ರಬಂಧ ಬೇಗ ಮುಗಿದೀತು, ವಿದ್ವತ್ತು ಮೊದಲಾಗದು.