ಸಂಡೂರನ್ನು ಮಾರ್ಚಿನಲ್ಲೂ ನೋಡಿ

ಮಳೆಗಾಲ ಮುಗಿಯೋ ಹೊತ್ತಿಗೆ ಬೆಂಗಳೂರಿನ ಬೈಕ್ ಗುಂಪುಗಳಲ್ಲಿ ಸಂಡೂರಿನ ಫೋಟೋಗಳು ಓಡಾಡೋಕೆ ಶುರುವಾಗುತ್ತವೆ. ಹಸಿರು ಗುಡ್ಡ, ಅದರ ತಲೆ ಮೇಲೆ ಮೋಡ, ಕೆಳಗೆ ನಾರಿಹಳ್ಳದ ನೀರು. ‘ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ’ ಅಂತ ಗಾಂಧೀಜಿ ಹೇಳಿದ್ದರು ಅನ್ನೋ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ನಾನೂ ಹೋದ ವರ್ಷ ಸೆಪ್ಟೆಂಬರಿನಲ್ಲೇ ಹೋಗಿದ್ದೆ. ಕಾಡಿನ ನಡುವಿನ ಕುಮಾರಸ್ವಾಮಿ ದೇವಸ್ಥಾನ, ಪಕ್ಕದ ಪಾರ್ವತಿ ಗುಡಿ ನೋಡಿದೆ. ಸಂಡೂರಿನ ಲಂಬಾಣಿ ಕಸೂತಿಯ ಒಂದು ಚೀಲ ಅಮ್ಮನಿಗೆ ತಂದೆ. ದಾರಿಯಲ್ಲಿ ಅದಿರಿನ ಲಾರಿಗಳು ಸಿಕ್ಕಿದ್ದವು, ಬೈಕಿಗೆ ಕೆಂಪು ಕೆಸರು ಮೆತ್ತಿತ್ತು. ವಾಟರ್ ವಾಶ್ ಹುಡುಗ ಐವತ್ತು ರೂಪಾಯಿ ಜಾಸ್ತಿ ಕೇಳಿದ. ಅಷ್ಟೇ.

ಈ ಮಾರ್ಚಿನಲ್ಲಿ ಹೊಸಪೇಟೆಯಲ್ಲಿ ಗೆಳೆಯನ ಮದುವೆ ಇತ್ತು. ಊಟ ಮುಗಿಸಿ, ಇಲ್ಲೇ ಸುಮಾರು ಮೂವತ್ತು ಕಿಲೋಮೀಟರ್ ಅಲ್ವಾ, ಇನ್ನೊಂದು ಸಲ ನೋಡ್ಕೊಂಡು ಬರೋಣ ಅಂತ ಹೊರಟೆ.

ಬೇರೆಯೇ ಊರಿಗೆ ಬಂದ ಹಾಗಾಯ್ತು. ರಸ್ತೆ ಬದಿಯ ಬೇವಿನ ಮರ ಬುಡದಿಂದ ತುದಿವರೆಗೂ ಕೆಂಪು. ಮನೆಗಳ ತಗಡು, ವಿದ್ಯುತ್ ಕಂಬ, ಮಲಗಿದ್ದ ನಾಯಿ, ಒಣಗಲು ಹಾಕಿದ್ದ ಬಟ್ಟೆ, ಎಲ್ಲವೂ ಒಂದೇ ಬಣ್ಣ. ಒಂದರ ಹಿಂದೆ ಒಂದು ಲಾರಿ. ತಾಡಪಾಲು ಹೊದಿಸಿರುತ್ತಾರೆ, ನಿಜ. ಆದರೆ ಎಷ್ಟೋ ಧೂಳು ಲಾರಿಯಿಂದ ಬೀಳೋದಲ್ಲ, ರಸ್ತೆ ಮೇಲೆ ಮೊದಲೇ ಬಿದ್ದಿದ್ದನ್ನ ಚಕ್ರಗಳು ಮತ್ತೆ ಮತ್ತೆ ಎಬ್ಬಿಸೋದು. ನೀರಿನ ಟ್ಯಾಂಕರ್ ಹೋದ ಮೇಲೆ ಸ್ವಲ್ಪ ಹೊತ್ತು ತಣ್ಣಗಿರುತ್ತೆ, ಬಿಸಿಲಿಗೆ ಒಣಗಿ ಮತ್ತೆ ಅದೇ ಕತೆ.

ನನಗೆ ಚಿಕ್ಕಂದಿನಿಂದ ಆಸ್ತಮಾ. ಹೆಲ್ಮೆಟ್ ಒಳಗೇ ಎದೆ ಬಿಗಿಯಿತು. ಒಂದು ಚಾ ಅಂಗಡಿ ಮುಂದೆ ನಿಲ್ಲಿಸಿ ಇನ್‌ಹೇಲರ್ ತೆಗೆದು ಎರಡು ಸಲ ಎಳ್ಕೊಂಡೆ. ಅಂಗಡಿ ಅಕ್ಕ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅದರ ಮೇಲೆ ಕಲ್ಲಿಟ್ಟಿದ್ದರು. ನನ್ನನ್ನೇ ನೋಡ್ತಿದ್ದರು.

‘ಉಸಿರಿಂದೇನ್ರಿ ಅದು? ನಮ್ಮ ಹುಡುಗನಿಗೂ ಹಂಗs ಆಗತೈತಿ. ರಾತ್ರಿ ಸುಯ್ ಸುಯ್ ಅಂತಾನ.’

ಬೆಂಚಿನ ತುದಿಯಲ್ಲಿ ಎಂಟು ವರ್ಷದ ಹುಡುಗ ಕೂತಿದ್ದ. ಡಾಕ್ಟರಿಗೆ ತೋರಿಸಿದ್ರಾ ಅಂದೆ. ಜೋರಾದಾಗ ಒಂದು ಸೂಜಿ, ನಾಲ್ಕು ಗುಳಿಗೆ ಕೊಡ್ತಾರಂತೆ. ಗುಳಿಗೆ ತಗೊಂಡರೆ ಕೈ ನಡುಗುತ್ತಂತೆ. ಊದಿಸಿ ಪರೀಕ್ಷೆ ಮಾಡಬೇಕು, ಬಳ್ಳಾರಿಗೆ ಹೋಗಿ ಅಂದಿದ್ದಾರೆ. ಹೋದರೆ ಒಂದು ದಿನದ ವ್ಯಾಪಾರ ಹೋಯ್ತು.

ನನಗೂ ಅವನಿಗೂ ಇರೋದು ಒಂದೇ ಕಾಯಿಲೆ ಇರಬಹುದು, ನಾನು ಡಾಕ್ಟರ್ ಅಲ್ಲ. ಆದರೆ ನನಗೆ ತಿಂಗಳ ಇನ್‌ಹೇಲರ್ ಮನೆ ಬಾಗಿಲಿಗೆ ಬರುತ್ತೆ. ಔಷಧಿ ನೇರ ಶ್ವಾಸಕೋಶಕ್ಕೆ ಹೋಗೋದರಿಂದ ಕಡಿಮೆ ಪ್ರಮಾಣ ಸಾಕು, ನಡುಕವೂ ಕಡಿಮೆ. ಸಾಲ್ಬ್ಯುಟಮಾಲ್, ಬುಡೆಸೊನೈಡ್ ಎರಡೂ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇವೆ. ಪಟ್ಟಿಯಲ್ಲಿರೋದು ಬೇರೆ, ಈ ಬೆಂಚಿನವರೆಗೆ ಬರೋದು ಬೇರೆ.

ಫೋನಿನಲ್ಲಿ ಗಾಳಿಯ ಆ್ಯಪ್ ತೆರೆದೆ. ಅದು ತೋರಿಸಿದ್ದು ದೂರದ ಯಾವುದೋ ಕೇಂದ್ರದ ಅಂಕಿ. ಪಿಎಂ10 ಕಣಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಈ ಬೇವಿನ ಮರದ ಕೆಳಗೆ ಅಳೆಯೋ ಯಂತ್ರ ನನಗೆ ಕಾಣಲಿಲ್ಲ. ಅದೂ ಅಲ್ಲದೆ ಕಣ್ಣಿಗೆ ಕಾಣೋ ಕೆಂಪು ಧೂಳಿಗಿಂತ ಕಾಣದ್ದೇ ಹೆಚ್ಚು ಅಪಾಯ. ಪಿಎಂ2.5 ಅಂದರೆ ಕೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲು. ಅದನ್ನ ಸೆರಗು ತಡೆಯಲ್ಲ.

ಲಾರಿ ನಿಂತರೆ ಒಳ್ಳೇದಲ್ವಾ ಅಕ್ಕ ಅಂತ ಕೇಳಿಬಿಟ್ಟೆ. ಊರಿಗೆ ಬಂದವರು ಕೇಳೋ ಪೆದ್ದ ಪ್ರಶ್ನೆ.

‘ನಿಂತಿದ್ವಲ್ರಿ ಆವಾಗ.’ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತ್ತಲ್ಲ, ಅದನ್ನೇ ಹೇಳಿದ್ದು. ‘ನಮ್ಮ ಮನಿಯವ್ರು ಲಾರಿ ಕ್ಲೀನರ್. ಕೆಲಸ ಹೋತು. ನಿಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕ ಬಂದಿದ್ವಿ. ಅಲ್ಲೂ ಧೂಳs, ಸಿಮೆಂಟಿಂದು.’

ಏನು ಹೇಳಬೇಕು ಗೊತ್ತಾಗಲಿಲ್ಲ. ಗಣಿ ಬಾಧಿತ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ 2015ರ ಕಾನೂನು ತಿದ್ದುಪಡಿಯಲ್ಲೇ ಬಂದಿದೆ. ಗಣಿ ಗುತ್ತಿಗೆದಾರರು ರಾಯಲ್ಟಿ ಜೊತೆಗೆ ಅದಕ್ಕೂ ದುಡ್ಡು ಕಟ್ಟಬೇಕು. ಖರ್ಚಿನ ಆದ್ಯತೆಯಲ್ಲಿ ಆರೋಗ್ಯವೂ ಇದೆ. ಆ ಹೆಸರು ಕೇಳಿದ್ದೀರಾ ಅಂದರೆ ಅಕ್ಕ ‘ಇಲ್ರಿ’ ಅಂದು ಅಂಗಡಿ ಮುಂದೆ ಒಂದು ಚೊಂಬು ನೀರು ಚಿಮುಕಿಸಿದರು. ದಿನಕ್ಕೆ ಎಷ್ಟು ಸಲವೋ.

ಹುಡುಗ ನನ್ನ ಕೈಯಲ್ಲಿದ್ದ ನೀಲಿ ಡಬ್ಬಿಯನ್ನೇ ನೋಡ್ತಿದ್ದ. ಕೊಟ್ಟುಬಿಡಲಾ ಅನ್ನಿಸ್ತು. ಡಾಕ್ಟರ್ ನೋಡದೆ ಕೊಡೋದು ತಪ್ಪು ಅನ್ನೋದು ನಿಜವಾದ ಕಾರಣ. ಬೆಂಗಳೂರು ತಲುಪೋವರೆಗೆ ನನಗೆ ಬೇರೆ ಇರಲಿಲ್ಲ ಅನ್ನೋದೂ ಅಷ್ಟೇ ನಿಜವಾದ ಕಾರಣ. ಜೇಬಿಗೆ ಹಾಕ್ಕೊಂಡೆ. ಒಂದು ಚೀಟಿಯಲ್ಲಿ ಔಷಧಿಗಳ ಹೆಸರು ಬರೆದು, ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನ ತೋರಿಸಿ ಕೇಳಿ ಅಂದೆ. ಅಕ್ಕ ಅದನ್ನ ಮಡಚಿ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಕೆಳಗೆ ಇಟ್ಟರು. ಮಿರ್ಚಿಗೆ ದುಡ್ಡು ಕೊಡೋಕೆ ಹೋದರೆ ಚಾದಕ್ಕೆ ಮಾತ್ರ ತಗೊಂಡರು.

ಬೈಕ್ ಹತ್ತುವಾಗ ಅಂದರು: ‘ಈಗ್ಯಾಕ ಬಂದ್ರಿ? ಮಳಿ ಆದಮ್ಯಾಲ ಬರ್ರಿ, ನಮ್ಮೂರು ಭಾಳ ಚಂದ ಇರತೈತಿ.’