ಮಂದ್ರಕ್ಕೆ ತಗಲುವ ಖರ್ಚು

ಸಂಗೀತದಲ್ಲಿ ಮೇಲಕ್ಕೆ ಹತ್ತುವುದು ಅಗ್ಗ, ಕೆಳಕ್ಕೆ ಇಳಿಯುವುದು ದುಬಾರಿ. ಹೊಸೂರಿನ ಚಂದ್ರಚೂಡೇಶ್ವರನ ತೇರಿನ ದಿನ ಉದ್ದ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಮಾರುವ ಪೀಪಿ ಕೊಳಲನ್ನು ಮಕ್ಕಳ ಕೈಗೆ ಮಿಠಾಯಿ ಕಾಸಿನಲ್ಲಿ ಕೊಡಿಸಿಬಿಡಬಹುದು. ಅದೇ ಸ್ವರ ಒಂದು ಸ್ಥಾಯಿ ಕೆಳಗೆ ಬೇಕೆಂದರೆ ಕೊಳವೆ ಎರಡರಷ್ಟು ಉದ್ದವಾಗಬೇಕು, ಬಾಯಿ ಅಗಲವಾಗಬೇಕು, ಊದುವವನ ಎದೆಯೂ ಅದಕ್ಕೆ ತಕ್ಕಂತೆ ಹಿಗ್ಗಬೇಕು. ಬೆಲೆ ಮಾತ್ರ ಎರಡರಷ್ಟಕ್ಕೆ ನಿಲ್ಲುವುದಿಲ್ಲ.

ಇದನ್ನೆಲ್ಲ ನಾನು ಯೋಚಿಸುವಂತಾದದ್ದು ಅಕ್ಕನ ಮಗನಿಂದ. ಮತ್ತಿಗಿರಿಯಿಂದ ದಿನಾ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಲೇತ್ ಮುಂದೆ ನಿಲ್ಲುವ ಹುಡುಗ. ಮೊಬೈಲಿನಲ್ಲಿ ಯಾರೋ ನುಡಿಸಿದ್ದನ್ನು ಕೇಳಿ ಒಂದು ಟಿನ್ ವಿಸಲ್ ತರಿಸಿಕೊಂಡ. ಐರ್ಲೆಂಡಿನ ಕುಣಿತದ ಹಾಡುಗಳಿಗೆ ಹೆಸರಾದ ವಾದ್ಯ ಅದು. ಆದರೆ ತಗಡಿನಲ್ಲಿ ರಾಶಿಗಟ್ಟಲೆ ಮಾಡಿ ಮಾರಿದ್ದು ಇಂಗ್ಲೆಂಡಿನವರು. ರಾಬರ್ಟ್ ಕ್ಲಾರ್ಕ್ ಎಂಬಾತ 1843ರ ಹೊತ್ತಿಗೆ ಶುರುಮಾಡಿದ ಕಸುಬು ಇವತ್ತಿಗೂ ಅದೇ ಹೆಸರಿನಲ್ಲಿ ನಡೆಯುತ್ತಿದೆ. ಒಂದಡಿ ಉದ್ದ, ಆರು ರಂಧ್ರ, ತುದಿಯಲ್ಲಿ ಬೆಣೆ ಹೊಡೆದ ಬಾಯಿ. ನಮ್ಮ ತೇರಿನ ಪೀಪಿಯೂ ಅದೇ ಕುಲದ್ದೇ. ತುಟಿಯ ಕೋನ, ಗಾಳಿಯ ದಿಕ್ಕು ಎಂಬ ಯಾವ ತಾಪತ್ರಯವೂ ಇಲ್ಲ. ಊದಿದರೆ ಸ್ವರ ಬಂದೇ ಬರುತ್ತದೆ. ಹುಡುಗ ಕೈ ಕುದುರಿಸಿಕೊಂಡ, ಚೆನ್ನಾಗಿಯೇ ನುಡಿಸತೊಡಗಿದ. ಅಕ್ಕನಿಗೆ ಮಾತ್ರ ಕಿವಿಯಲ್ಲಿ ಸೂಜಿ ಇಟ್ಟಂತಾಗುತ್ತಿತ್ತು. ಆ ಸಣ್ಣ ಕೊಳವೆಯ ಮೇಲಿನ ಸ್ಥಾಯಿ ನಿಜಕ್ಕೂ ಚುಚ್ಚುತ್ತದೆ.

ಒಂದು ಭಾನುವಾರ ಬಂದು, "ಮಾವ, ಲೋ ಡಿ ತಗೊಳ್ಳಾಣ ಅಂತಿದ್ದೀನಿ" ಅಂದ. ಭಜನೆಯಲ್ಲಿ ಹಾರ್ಮೋನಿಯಂ ಒತ್ತುವವನಾದ್ದರಿಂದ ನನಗೆ ಎಲ್ಲ ವಾದ್ಯವೂ ಗೊತ್ತು ಎಂಬ ನಂಬಿಕೆ ನಮ್ಮ ಮನೆಯಲ್ಲಿ ಇದೆ. ನಾನೂ ಅದನ್ನು ಕೆಡಿಸಲು ಹೋಗಿಲ್ಲ.

ಲೋ ವಿಸಲ್ ಎಂದರೆ ಟಿನ್ ವಿಸಲ್ಲಿನ ದೊಡ್ಡಣ್ಣ; ಲೋ ಡಿ ಅಂದರೆ ಅವನ ಸಣ್ಣ ಡಿ ವಿಸಲ್ಲಿಗಿಂತ ಒಂದು ಸ್ಥಾಯಿ ಕೆಳಗಿನದು. ಅದು ಹುಟ್ಟಿದ ಕತೆ ಕೇಳಿದರೆ ನಮ್ಮವರಿಗೆ ನಗು ಬರಬೇಕು. ಫಿನ್‌ಬಾರ್ ಫ್ಯೂರಿ ಎಂಬ ಐರಿಷ್ ಕಲಾವಿದನ ಹತ್ತಿರ ಭಾರತದ ಬಿದಿರಿನ ಒಂದು ಕೊಳಲಿತ್ತು. ಊರೂರು ಸುತ್ತುತ್ತಿದ್ದಾಗ ಅದು ಮುರಿದುಹೋಯಿತು. ರಿಪೇರಿ ಮಾಡಿಕೊಡಿ ಎಂದು ಇಂಗ್ಲೆಂಡಿನ ಬರ್ನಾರ್ಡ್ ಓವರ್ಟನ್ ಹತ್ತಿರ ಹೋದ. ಮುರಿದ ಬಿದಿರು ಕೂಡಲಿಲ್ಲ. ಓವರ್ಟನ್ ಅಲ್ಯುಮಿನಿಯಂ ಕೊಳವೆಯಲ್ಲಿ ಬದಲಿ ಮಾಡಿಕೊಟ್ಟ. ಅದು 1971. ಈಗಿನ ಲೋ ವಿಸಲ್‌ಗಳ ವಂಶ ಅಲ್ಲಿಂದಲೇ ಬೆಳೆದದ್ದು. ನಮ್ಮ ಬಿದಿರು ಅಲ್ಲಿ ಹೋಗಿ ಮುರಿದು ಲೋಹವಾಯಿತು. ಈಗ ಮತ್ತಿಗಿರಿಯ ಹುಡುಗ ಆ ಲೋಹವನ್ನು ಕಸ್ಟಮ್ಸ್ ಕಟ್ಟಿ ವಾಪಸು ತರಿಸಬೇಕು ಅನ್ನುತ್ತಾನೆ.

ಕೈಯಲ್ಲಿ ಮಾಡಿದ ಒಳ್ಳೆಯ ಅಲ್ಯುಮಿನಿಯಂ ಲೋ ಡಿ ನಮ್ಮ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಸುಲಭವಾಗಿ ಇಪ್ಪತ್ತು ಸಾವಿರ ದಾಟುತ್ತದೆ. ಸ್ಕಾಟ್ಲೆಂಡಿನ ಎಂಕೆ, ಜರ್ಮನಿಯ ಗೋಲ್ಡಿ ಎಲ್ಲ ಆ ಸಾಲಿನವು. ಡಿಕ್ಸನ್, ಸುಸಾಟೊ ಮುಂತಾದವರ ಪ್ಲಾಸ್ಟಿಕ್ಕಿನವು ಅದರ ಕಾಲು ಭಾಗದ ಆಸುಪಾಸಿನಲ್ಲಿ ಸಿಗುತ್ತವೆ. ಪ್ಲಾಸ್ಟಿಕ್ ಎಂದ ಕೂಡಲೇ ಹುಡುಗ ಮುಖ ಸಿಂಡರಿಸಿದ. ಕೊಳವೆಯೊಳಗೆ ಕಂಪಿಸುವುದು ಗಾಳಿ, ಗೋಡೆಯಲ್ಲ. ಬೆಣೆ, ಗಾಳಿದಾರಿ, ಕಿಂಡಿಯ ಅಂಚು ಸರಿಯಾಗಿದ್ದರೆ ಗೋಡೆ ಯಾವುದರದಾದರೇನು ಎಂದು ನಾನು ಹೇಳಿದೆ. ಒಪ್ಪಲಿಲ್ಲ. ಲೋಹದವರಿಗೆ ಲೋಹದ ಮೇಲೆ ಪ್ರೀತಿ ಇರುವುದು ಸಹಜವೇ.

ಆದರೆ ನನ್ನ ಚಿಂತೆ ದುಡ್ಡಿನದಾಗಿರಲಿಲ್ಲ, ಬೆರಳಿನದು. ಮೊದಲು ಕೈ ಅಳೆಯಬೇಕು, ಆಮೇಲೆ ಜೇಬು. ಮತ್ತಿಗಿರಿಯ ಹಾರ್ಡ್‌ವೇರ್ ಅಂಗಡಿಯಿಂದ ಕರೆಂಟ್ ವೈರಿಂಗ್‌ಗೆ ಹಾಕುವ 25 ಎಂ.ಎಂ. ಪಿವಿಸಿ ಪೈಪಿನ ತುಂಡೊಂದನ್ನು ತರಿಸಿದೆ. ಲೋ ಡಿ ಅಳತೆಗೆ, ಅಂದರೆ ಸುಮಾರು 58 ಸೆಂ.ಮೀ. ಕತ್ತರಿಸಿದೆವು. ರಂಧ್ರ ಬರುವ ಜಾಗಗಳಿಗೆ ಅಕ್ಕನ ಡಬ್ಬಿಯಿಂದ ಆರು ಸ್ಟಿಕ್ಕರ್ ಬೊಟ್ಟು ತೆಗೆದು ಅಂಟಿಸಿದೆ. "ಈಗ ಮುಚ್ಚು ನೋಡೋಣ" ಅಂದೆ.

ಮೇಲಿನ ಮೂರಕ್ಕೆ ಎಡಗೈ ಹೇಗೋ ಕೂತಿತು. ಬಲಗೈ ತೋರುಬೆರಳು, ನಡುಬೆರಳು ಕೂತವು. ಉಂಗುರ ಬೆರಳು ಕೊನೆಯ ಬೊಟ್ಟಿನ ಕಡೆ ಹೊರಟು, ಮುಟ್ಟುವಷ್ಟರಲ್ಲಿ ನಡುಬೆರಳನ್ನು ತನ್ನ ಜೊತೆಗೆ ಎಳೆದುಕೊಂಡು ಹೋಯಿತು. ಮತ್ತೆ ಕೂರಿಸಿದ, ಈ ಸಲ ತೋರುಬೆರಳು ಎದ್ದಿತು. ಟಿನ್ ವಿಸಲ್‌ನಲ್ಲಿ ಬೆರಳ ತುದಿಯಿಂದ ಮುಚ್ಚಿ ಅಭ್ಯಾಸವಾದ ಕೈ ಅದು. ದೊಡ್ಡದಕ್ಕೆ ತುದಿ ಸಾಲದು. ಬೆರಳನ್ನು ನೀಟಾಗಿ ಚಾಚಿ, ಮೊದಲ ಅಥವಾ ಎರಡನೆಯ ಗೆಣ್ಣಿನ ಒಳಮೈಯಿಂದ ಮುಚ್ಚಬೇಕು. ಬ್ಯಾಗ್‌ಪೈಪ್ ನುಡಿಸುವವರು ಹಿಡಿಯುವುದು ಹೀಗೆಯೇ. ನಮ್ಮಲ್ಲಿ ಉದ್ದ ಬಾನ್ಸುರಿ ನುಡಿಸುವವರ ಬಲಗೈ ನೋಡಿ, ಬೆರಳುಗಳು ಮಡಿಸಿಕೊಂಡಿರುವುದಿಲ್ಲ, ಕೊಳವೆಯ ಮೇಲೆ ಅಡ್ಡಲಾಗಿ ಮಲಗಿರುತ್ತವೆ. ಹಾಗೆ ಹಿಡಿ ಎಂದಾಗ ಆರು ಬೊಟ್ಟೂ ಮುಚ್ಚಿದವು. ಆದರೆ ಅರೆ ನಿಮಿಷದಲ್ಲಿ ಮಣಿಕಟ್ಟು ನೋಯುತ್ತದೆ ಅಂದ. ಇಪ್ಪತ್ತು ಸಾವಿರ ಕೊಟ್ಟು ತರಿಸಿದ ಮೇಲೆ ಇದು ತಿಳಿದಿದ್ದರೆ?

ಉಸಿರಿನ ಲೆಕ್ಕ ಬೇರೆ ಇದೆ. ಸಣ್ಣದರ ಒಳವ್ಯಾಸ ಸುಮಾರು 12 ಮಿ.ಮೀ., ದೊಡ್ಡದರದು 22ರ ಹತ್ತಿರ. ಸಣ್ಣದರಲ್ಲಿ ಒಂದೇ ಉಸಿರಿಗೆ ಮುಗಿಸುತ್ತಿದ್ದ ಸಾಲು ದೊಡ್ಡದರಲ್ಲಿ ನಡುವೆಯೇ ತುಂಡಾಗುತ್ತದೆ. ಕೆಳಗಿನ ಸ್ವರಗಳಿಗೆ ಮೆತ್ತಗೆ ಊದಬೇಕು, ಮೇಲಿನ ಸ್ಥಾಯಿಗೆ ಒತ್ತಿ ಊದಬೇಕು. ಎರಡರ ನಡುವಿನ ಅಂತರ ಸಣ್ಣದಕ್ಕಿಂತ ದೊಡ್ಡದರಲ್ಲಿ ಎದೆಗೆ ಹೆಚ್ಚು ಗೊತ್ತಾಗುತ್ತದೆ.

ಹಾಗಾದರೆ ಬಿದಿರಿನ ಕೊಳಲನ್ನೇ ಏಕೆ ತೆಗೆದುಕೊಳ್ಳಬಾರದು? ಬೆಂಗಳೂರಿನ ಬಳೇಪೇಟೆಗೆ ಹೋದರೆ ವಾದ್ಯದ ಅಂಗಡಿಗಳ ಸಾಲೇ ಇದೆ. ಇಲ್ಲಿ ಒಂದು ಉಪಾಯ ತಿಳಿದಿರಬೇಕು. ಬಾನ್ಸುರಿಯವರು ಮೇಲಿನ ಮೂರು ರಂಧ್ರ ಮುಚ್ಚಿದಾಗ ಬರುವ ಷಡ್ಜದಿಂದ ಕೊಳಲಿಗೆ ಹೆಸರಿಡುತ್ತಾರೆ. ವಿಸಲ್‌ನವರು ಆರೂ ಮುಚ್ಚಿದಾಗ ಬರುವ ಸ್ವರದಿಂದ. ಹಾಗಾಗಿ ಬಾನ್ಸುರಿಯ ನಡುಗಾತ್ರದ 'ಜಿ' ಮತ್ತು ಲೋ ಡಿ, ತಳದ ಸ್ವರದ ಲೆಕ್ಕದಲ್ಲಿ ಒಂದೇ. ಅಂಗಡಿಯವನು ಜಿ ಎಂದರೂ, ಹೊಸೂರಿನ ಮೇಷ್ಟ್ರು ಐದು ಕಟ್ಟೈ ಎಂದರೂ, ನಾನು ಹಾರ್ಮೋನಿಯಂನ ಬಿಳಿ ಐದು ಎಂದರೂ ಷಡ್ಜ ಒಂದೇ ಜಾಗದ್ದು. ಎಷ್ಟನೆಯ ಸ್ಥಾಯಿಯದು ಎಂಬುದನ್ನು ಮಾತ್ರ ಊದಿಸಿ ಕೇಳಿಯೇ ತಿಳಿಯಬೇಕು. ಶ್ರುತಿ ಸರಿಯಿರುವ ಅಂಥ ಬಾನ್ಸುರಿ ಒಂದೆರಡು ಸಾವಿರದೊಳಗೆ ಸಿಗುತ್ತದೆ.

ಅಗ್ಗವೇನೋ ಹೌದು. ಆದರೆ ಅದಕ್ಕೆ ಬೆಣೆಯ ಬಾಯಿ ಇಲ್ಲ. ತುಟಿಯಲ್ಲಿ ನಾದ ಹುಟ್ಟಿಸುವುದಕ್ಕೇ ತಿಂಗಳುಗಳು ಬೇಕು. ವಿಸಲ್‌ಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದು ಆ ತಯಾರಾದ ಬಾಯಿಗೆ. ಪಾಳಿ ಮುಗಿಸಿ ಸುಸ್ತಾಗಿ ಬಂದು ಅರ್ಧ ಗಂಟೆ ನುಡಿಸುವ ಹುಡುಗನಿಗೆ ಆ ದುಡ್ಡು ದಂಡವಲ್ಲ ಎಂದೇ ನನ್ನ ಅಭಿಪ್ರಾಯ. ಸಂಗೀತವೇ ಜೀವನ ಅನ್ನುವವನಾಗಿದ್ದರೆ ಬೇರೆ ಮಾತು. ಪನ್ನಾಲಾಲ್ ಘೋಷರು (1911–1960) ಕೊಳಲನ್ನು ಉದ್ದ ಮಾಡಿ, ಏಳನೆಯ ರಂಧ್ರ ಸೇರಿಸಿ, ಹಿಂದೂಸ್ತಾನಿ ಕಛೇರಿಯ ಗಾಂಭೀರ್ಯಕ್ಕೆ ಹೊಂದಿಸಿದರು. ಕರ್ನಾಟಕ ಸಂಗೀತದಲ್ಲಿ ಎನ್. ರಮಣಿಯವರು ಉದ್ದ ಕೊಳಲನ್ನು ಬಳಕೆಗೆ ತಂದರು. ಅವರೆಲ್ಲ ಮಂದ್ರಕ್ಕೆ ತೆತ್ತ ಬೆಲೆ ರೂಪಾಯಿಯದಲ್ಲ.

ದೆಂಕಣಿಕೋಟೆ ಕಡೆ ಇಷ್ಟು ಕಾಡಿದೆ, ಒಂದು ಬಿದಿರು ಕಡಿದು ತರಬಾರದೇ ಎಂದು ಅಕ್ಕ ಕೇಳಿದಳು. ಅರಣ್ಯ ಇಲಾಖೆಯವರ ಮಾತು ಹಾಗಿರಲಿ, ನಮ್ಮ ಒಣಗಾಡಿನ ಕಿರುಬಿದಿರು ದೊಣ್ಣೆಗೆ ಲಾಯಕ್ಕು, ಕೊಳಲಿಗಲ್ಲ. ಗೋಡೆ ದಪ್ಪ, ಬುಡದ ಕಡೆ ಟೊಳ್ಳೇ ಇರುವುದಿಲ್ಲ. ಕೊಳಲಿಗೆ ತೆಳುಗೋಡೆಯ, ಗೆಣ್ಣಿಂದ ಗೆಣ್ಣಿಗೆ ಮಾರುದ್ದ ದೂರವಿರುವ ಜಾತಿ ಬೇಕು. ಅಂಥದ್ದು ಅಸ್ಸಾಮಿನಿಂದಲೋ ಕೇರಳದಿಂದಲೋ ಬರಬೇಕು.

ಕೊನೆಗೆ ನಾನು ಹೇಳಿದ್ದು ನಡುವಿನ ದಾರಿ. ಡಿಯಿಂದ ನೇರ ಲೋ ಡಿಗೆ ಹಾರಬೇಡ. ನಡುವೆ ಜಿ ಇದೆ, ಎಫ್ ಇದೆ. ಜಿ ಸುಮಾರು 44 ಸೆಂ.ಮೀ., ಎಫ್ 49. ಜಿಯಲ್ಲಿ ಬೆರಳು ತೀರ ಚಾಚಬೇಕಿಲ್ಲ, ಚುಚ್ಚುವ ದನಿಯೂ ಇಲ್ಲ. ಅದನ್ನು ಕೊಳ್ಳುವುದೂ ಬೇಡ, ಪೈಪಿನಲ್ಲಿ ನೀನೇ ಮಾಡಿಕೋ ಎಂದೆ. ಇಟಲಿಯ ಗುಯಿಡೊ ಗೊಂಜಾಟೊ ಎಂಬ ಪುಣ್ಯಾತ್ಮ ಪಿವಿಸಿ ಪೈಪಿನಲ್ಲಿ ವಿಸಲ್ ಮಾಡುವ ಕ್ರಮವನ್ನು ಅಳತೆ ಸಮೇತ ಬರೆದು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದ್ದಾನೆ. ಬೆಣೆಯ ಮೇಲಿನ ಗಾಳಿದಾರಿ ಒಂದು ಮಿಲಿಮೀಟರ್ ಎತ್ತರವಿದ್ದರೆ ಸಾಕು. ಬೇರೆಯವರಿಗೆ ಅದು ಕೂದಲೆಳೆಯ ಕೆಲಸ, ಲೇತ್‌ನವನಿಗೆ ಒಂದು ಮಿಲಿಮೀಟರ್ ಅಂದರೆ ಬಯಲು. ರಂಧ್ರವನ್ನು ಮಾತ್ರ ಬೇಕಾದ್ದಕ್ಕಿಂತ ಸಣ್ಣದಾಗಿ ಕೊರೆದು, ಅರದಿಂದ ಉಜ್ಜುತ್ತಾ ಬಾ ಎಂದಿದ್ದೆ. ಅಗಲವಾದಷ್ಟೂ ಸ್ವರ ಏರುತ್ತದೆ. ಹೆಚ್ಚಾಗಿ ಏರಿಹೋದರೆ ರಂಧ್ರದ ಅಂಚಿಗೆ ಇನ್ಸುಲೇಷನ್ ಟೇಪ್ ಅಂಟಿಸಿ ಇಳಿಸಬಹುದು. ಅವನ ಜಿಗೆ ಮೂರನೆಯ ರಂಧ್ರದ ಹತ್ತಿರ ಈಗಲೂ ಕೆಂಪು ಟೇಪಿದೆ.

ಅದರಲ್ಲಿ ಕೈ ಪಳಗಿದ ಮೇಲೆ, ಬೆಂಗಳೂರಿನಲ್ಲಿ ಒಬ್ಬರು ಮಾರುತ್ತಿದ್ದ ಹಳೆಯ ಪ್ಲಾಸ್ಟಿಕ್ ಲೋ ಡಿ ನೋಡಲು ಇಬ್ಬರೂ ಹೋದೆವು. ಅತ್ತಿಬೆಲೆ ದಾಟುವವರೆಗೂ ಅವನು ಬಾಯಿ ಬಿಡಲಿಲ್ಲ. ಕೊಳ್ಳುವ ಮೊದಲು ತಳದ ಸ್ವರವನ್ನು ಮೆತ್ತಗೆ, ಉದ್ದಕ್ಕೆ ಊದಿಸಿದೆ; ಅಲ್ಲಿ ತಡವರಿಸಿದರೆ ವಾದ್ಯ ಬೇಡ. ಆಮೇಲೆ ಅದೇ ಸ್ವರ ಒಂದು ಸ್ಥಾಯಿ ಮೇಲೆ. ಮೊಬೈಲಿನ ತಂಬೂರಿ ಹಾಕಿ ಎರಡೂ ಕೂಡುತ್ತವೆಯೇ ಎಂದು ಕೇಳಿದೆ. ತಲೆಯ ಭಾಗ ಜಾರಿಸಿ ಶ್ರುತಿ ಹೊಂದಿಸುವಂತಿದೆಯೇ ಎಂಬುದು ಮುಖ್ಯ. ನನ್ನ ಹಾರ್ಮೋನಿಯಂ ಯಾರಿಗೂ ತಗ್ಗುವ ಜಾತಿಯದಲ್ಲ. ಸ್ವಲ್ಪ ಹೊತ್ತು ಊದಿದ ಮೇಲೆ ಉಸಿರಿನ ತೇವ ಕಟ್ಟಿ ದನಿ ಕಟ್ಟಿತು. ಮಾರುವವರು ಗಾಬರಿಯಾದರು. ಅದು ದೋಷವಲ್ಲ, ಪಾತ್ರೆ ತೊಳೆಯುವ ಸೋಪುನೀರನ್ನು ಗಾಳಿದಾರಿಗೆ ಒಂದು ತೊಟ್ಟು ಬಿಟ್ಟು ಒಣಗಿಸಿದರೆ ಹನಿ ನಿಲ್ಲುವುದಿಲ್ಲ ಎಂದು ಹೇಳಿ, ಆ ನೆಪದಲ್ಲೇ ಒಂದಿಷ್ಟು ಚೌಕಾಸಿಯನ್ನೂ ಮಾಡಿದೆ.

ಈಗ ಅವನು ಹೊಸ ತಕರಾರು ತೆಗೆದಿದ್ದಾನೆ. ಆರೂ ರಂಧ್ರ ಮುಚ್ಚಿ ಅದನ್ನೇ ಷಡ್ಜ ಎಂದುಕೊಂಡು ಬೆರಳು ಎತ್ತುತ್ತಾ ಹೋದರೆ ಶಂಕರಾಭರಣ ತಾನಾಗಿ ಬರುತ್ತದೆ. ಮೂರು ಮುಚ್ಚಿ ಷಡ್ಜ ಎಂದರೆ ಕಲ್ಯಾಣಿ. ಮೋಹನಕ್ಕಂತೂ ಅರ್ಧ ರಂಧ್ರದ ಗೋಜೇ ಇಲ್ಲ. ಆದರೆ ಪಿಳ್ಳಾರಿ ಗೀತೆಯ ಮಲಹರಿಗೆ ಶುದ್ಧ ರಿಷಭ, ಶುದ್ಧ ಧೈವತ ಬೇಕು. ಎರಡಕ್ಕೂ ರಂಧ್ರವನ್ನು ಅರ್ಧ ಮುಚ್ಚಿ ನಿಲ್ಲಿಸಬೇಕು. ಸಣ್ಣ ವಿಸಲ್‌ನಲ್ಲಿ ಅದು ಬೆರಳಿಗೆ ಸಿಗುತ್ತಲೇ ಇರಲಿಲ್ಲ. ದೊಡ್ಡದರ ಅಗಲ ರಂಧ್ರದ ಮೇಲೆ ಬೆರಳು ಜಾರಿಸಿದರೆ ಸ್ವರ ಎಳೆದುಕೊಂಡು ಬರುತ್ತದೆ, ಗಮಕಕ್ಕೆ ಜಾಗವಿದೆ. ಐರಿಷ್ ಕುಣಿತದ ರೀಲ್‌ಗಳನ್ನು ಓಡಿಸಲು ತಂದದ್ದರಲ್ಲಿ ಮಲಹರಿ ಚೆನ್ನಾಗಿ ಬರುತ್ತಿದೆ, ರೀಲ್ ಮಾತ್ರ ಓಡುತ್ತಿಲ್ಲ ಎಂಬುದು ಅವನ ದೂರು. ಶನಿವಾರದ ಭಜನೆಗೆ ಬಾ, ಬಿಳಿ ಐದಕ್ಕೇ ಹಾಡುತ್ತೇವೆ ಎಂದಿದ್ದೇನೆ. ಈ ವಾರ ರಾತ್ರಿ ಪಾಳಿಯಂತೆ.